ಮೈಲಿಬೇನೆಯ ನಿವಾರಣೆಯೂ ದೇಶಾಚಾರವೂ

ರೋಗಕ್ಕೆ ಮದ್ದನ್ನು ಕಂಡುಹಿಡಿಯುವುದು ಒಂದು ಕಾರ್ಯ. ಆ ಮದ್ದನ್ನು ಜನರು ನಂಬಿ ಕೈಯೊಡ್ಡುವಂತೆ ಮಾಡುವುದು ಮತ್ತೊಂದು ಕಾರ್ಯ. ಮೊದಲನೆಯದು ಒಬ್ಬ ವಿದ್ವಾಂಸನ ಬುದ್ಧಿಬಲದಿಂದ ಸಿದ್ಧಿಸಬಹುದು. ಎರಡನೆಯದಕ್ಕಾದರೋ ಆಯಾ ಸೀಮೆಯ ಆಚಾರವ್ಯವಹಾರಗಳನ್ನೂ, ಮಾತನ್ನೂ, ಭಯಭಕ್ತಿಗಳನ್ನೂ, ಬೇಸಾಯದ ಕಾಲಗಳನ್ನೂ ಬಲ್ಲವರ ಸಹಾಯವಿಲ್ಲದೆ ಗತಿಯಿಲ್ಲ. ರೋಗಿಯೊಬ್ಬನಿಗೆ ಚಿಕಿತ್ಸೆ ಮಾಡುವುದಕ್ಕೆ ಮುಂಚೆ ದೇಶ, ಕಾಲ, ಪ್ರಕೃತಿ, ಸಾತ್ಮ್ಯ ಇವುಗಳನ್ನು ವಿಚಾರಿಸಬೇಕೆಂದು ಚರಕಸಂಹಿತೆಯು ವಿಧಿಸಿರುವುದು ವಾಚಕರಿಗೆ ವಿದಿತವೇ ಇದೆ. ಅದೇ ಗ್ರಂಥದ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಗಂಗಾತೀರದ ಕಾಂಪಿಲ್ಯ ನಗರದ ಬಳಿ ಆತ್ರೇಯ ಮಹರ್ಷಿಯು ಶಿಷ್ಯನಾದ ಅಗ್ನಿವೇಶನಿಗೆ, ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಕೆಟ್ಟಾಗ ಒಂದು ಜನಪದವೇ ಧ್ವಂಸವಾಗುವ ಬಗೆಯನ್ನು ಬೋಧಿಸುವನು. ಒಬ್ಬ ರೋಗಿಯ ವಿಷಯದಲ್ಲಿ ಸಲ್ಲುವ ವಿವೇಕವು ಒಂದು ಜನಪದದ ವಿಷಯದಲ್ಲಿಯೂ ಸಲ್ಲಬೇಕಷ್ಟೆ. ಆ ವಿವೇಕವಿದ್ದಾಗ ಏನಾಯಿತು, ಅದು ತಪ್ಪಿದಾಗ ಏನಾಯಿತು ಎಂಬುದಕ್ಕೆ ನಮ್ಮ ನಾಡಿನಲ್ಲಿ ಮೈಲಿಬೇನೆಯ ನಿವಾರಣೆಯ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ದೊರೆಯಲಾರದು.

ಮೈಲಿ, ಸಿಡುಬು, ಅಮ್ಮ, ದೇವಿ ಎಂದು ಕನ್ನಡಿಗರು ನಾನಾ ಹೆಸರುಗಳಿಂದ ಕರೆದ ಈ ವ್ಯಾಧಿಯನ್ನು ಸಂಸ್ಕೃತ ವೈದ್ಯಗ್ರಂಥಗಳು ಮಸೂರಿಕಾ ಎಂದು ಹೆಸರಿಸಿವೆ. ಗುಳ್ಳೆಗಳು ಚೆನ್ನಂಗಿಬೇಳೆಯ ಆಕಾರದಲ್ಲಿ ಏಳುವುದರಿಂದ ಈ ಹೆಸರು ಬಂದಿತು. ಸುಶ್ರುತನು ಇದನ್ನು ಕ್ಷುದ್ರರೋಗಗಳ ಪಂಕ್ತಿಯಲ್ಲಿ ಸೇರಿಸಿ ಮುಂದೆ ಸಾಗಿದನು. ಮಾಧವನಿದಾನದಲ್ಲಿ ಇದಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಉಂಟು. ಹದಿನಾರನೆಯ ಶತಮಾನದ ಭಾವಪ್ರಕಾಶದ ವೇಳೆಗೆ ಶೀತಲಾದೇವಿಯ ಪ್ರಸ್ತಾಪವೂ ವೈದ್ಯಗ್ರಂಥದೊಳಕ್ಕೆ ಬಂದುಬಿಟ್ಟಿತು. ಬೇನೆಯು ಬಲವಾದಂತೆ ಗ್ರಂಥಗಳಲ್ಲಿ ಅದರ ಸ್ಥಾನವೂ ದೊಡ್ಡದಾಯಿತೆಂದು ಹೇಳಬಹುದು. ಉಗ್ರವಾದ ಜಾತಿಯ ಸಿಡುಬು ತಗಲಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಿದ್ದರು. ಉಳಿದವರ ಮುಖದಲ್ಲಿ ಕಲೆಗಳು ಜೀವಮಾನಪರ್ಯಂತ ನಿಲ್ಲುತ್ತಿದ್ದವು. ಅನೇಕರು ಕಣ್ಣು ಕಳೆದುಕೊಳ್ಳುತ್ತಿದ್ದರು.

ಇಂತಹ ಬೇನೆಯು ಮನೆಗೆ ಬಂದಾಗ ನಮ್ಮ ಹಳ್ಳಿಗಳ ಜನರು ಅದನ್ನು ರೋಗವೆನ್ನದೆ 'ಅಮ್ಮ ಬಂದಳು' ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟುವರು. ರೋಗಿಯನ್ನು ಬೇವಿನೆಲೆಗಳ ಮೇಲೆ ಮಲಗಿಸುವರು. ಮನೆಯಲ್ಲಿ ಒಗ್ಗರಣೆಯ ಘಾಟು ಏಳಕೂಡದು. ತಂಪಾದ ಆಹಾರವನ್ನೇ ಕೊಡಬೇಕು. ಪರಸ್ಥಳದವರು ಒಳಗೆ ಕಾಲಿಡಬಾರದು. ಮನೆಯವರು ಮದುವೆ ಮುಂಜಿಗಳಿಗೆ ಹೋಗಬಾರದು. ಇವೆಲ್ಲ ಮೂಢಾಚಾರಗಳೆಂದು ಹೊರಗಿನವರು ನಕ್ಕದ್ದುಂಟು. ಆದರೆ ವಿಚಾರಮಾಡಿ ನೋಡಿದರೆ, ಬಾಗಿಲ ಬೇವಿನ ತೋರಣವು 'ಈ ಮನೆಗೆ ಬರಬೇಡಿ' ಎಂಬ ಸೂಚನೆಯೇ ಆಗಿದ್ದಿತು. ಯಾವ ಅಧಿಕಾರಿಯ ಆಜ್ಞೆಯೂ ಇಲ್ಲದೆ ಊರೆಲ್ಲವೂ ಆ ಸೂಚನೆಯನ್ನು ಮನ್ನಿಸುತ್ತಿದ್ದಿತು. ಹಾಗೆಂದು ಆ ಆಚಾರವು ಸಾಕಾಗಿತ್ತೆಂದಲ್ಲ. ಅದು ಬೇನೆಯ ಹರಡುವಿಕೆಯನ್ನು ತುಸು ತಡೆಯುತ್ತಿದ್ದಿತೇ ಹೊರತು ಬೇನೆ ಬಾರದಂತೆ ಕಾಯಬಲ್ಲದಾಗಿರಲಿಲ್ಲ.

ಬಾರದಂತೆ ಕಾಯುವ ಉಪಾಯವೊಂದು ವಂಗದೇಶವೇ ಮೊದಲಾದ ಪ್ರಾಂತಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದಿತು. ಟೀಕಾದಾರರೆಂಬುವರು ಸಿಡುಬಿನ ಗುಳ್ಳೆಯ ದ್ರವವನ್ನು ಶೇಖರಿಸಿಟ್ಟುಕೊಂಡು, ಬೇನೆಯ ಋತುವಿಗೆ ಮುಂಚೆ ಮನೆಮನೆಗೂ ಬಂದು ತೋಳಿನಲ್ಲಿ ಚುಚ್ಚಿ ಅದನ್ನು ಸೇರಿಸುತ್ತಿದ್ದರು. ೧೭೬೭ರಲ್ಲಿ ಹಾಲ್‌ವೆಲ್ ಎಂಬ ಆಂಗ್ಲ ವೈದ್ಯನು ಈ ಪದ್ಧತಿಯನ್ನು ವಿವರವಾಗಿ ವರ್ಣಿಸಿ ಲಂಡನ್ನಿನ ವೈದ್ಯರಿಗೆ ತಿಳಿಸಿದನು. ಚುಚ್ಚಿಸಿಕೊಂಡವರಿಗೆ ಬೇನೆಯು ಸೌಮ್ಯವಾಗಿ ಬಂದು ಹೋಗುತ್ತಿದ್ದಿತು; ಮತ್ತೆ ಬರುತ್ತಿರಲಿಲ್ಲ. ಚುಚ್ಚುವ ಮೊದಲು ಪಥ್ಯ, ಚುಚ್ಚುವಾಗ ದೇವಿಯ ಸ್ತುತಿ, ಅನಂತರ ತಣ್ಣೀರಿನ ಉಪಚಾರ, ಗುಣವಾದಮೇಲೆ ಪೂಜೆ, ಹೀಗೆ ಅದರ ಪ್ರತಿಯೊಂದು ಅಂಗವೂ ಜನರ ನಂಬಿಕೆಯೊಡನೆ ಹೆಣೆದುಕೊಂಡಿದ್ದಿತು. ಅದರಲ್ಲಿ ಒಂದು ದೋಷವಿದ್ದಿತು. ಚುಚ್ಚಿದ್ದು ನಿಜವಾದ ಸಿಡುಬೇ ಆದುದರಿಂದ ಕೆಲವರು ಸಾಯುತ್ತಿದ್ದರು. ಮೇಲಾಗಿ ಅವರಿಂದ ಇತರರಿಗೂ ಬೇನೆ ತಗಲುತ್ತಿದ್ದಿತು.

ಹೀಗಿರಲು ೧೭೯೬ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು, ಹಸುವಿನ ಕೆಚ್ಚಲಿನಲ್ಲಿ ಏಳುವ ಗೋಸಿಡುಬಿನ ದ್ರವವನ್ನು ಮನುಷ್ಯನಿಗೆ ಚುಚ್ಚಿದರೆ ಸಿಡುಬಿನಿಂದ ರಕ್ಷಣೆ ದೊರೆಯುವುದೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟು, ೧೭೯೮ರಲ್ಲಿ ಪ್ರಕಟಿಸಿದನು. ಅದು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ ಮಾರ್ಗವಾಗಿ ಭರತಖಂಡಕ್ಕೆ ಬಂದಿತು. ೧೮೦೨ನೆಯ ಜೂನ್ ೧೪ರಂದು ಮುಂಬಯಿಯಲ್ಲಿ ಅನ್ನಾ ಡಸ್ತ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಮೊದಲು ಹಾಕಲ್ಪಟ್ಟು, ಆ ಮಗುವಿನ ತೋಳಿನಿಂದ ಇತರರಿಗೆ, ಅವರಿಂದ ಮತ್ತಿತರರಿಗೆ ಹೀಗೆ ದೇಶವೆಲ್ಲ ಹಬ್ಬಿತು. ಆಗ ಹಿಮಪೆಟ್ಟಿಗೆಗಳಿರಲಿಲ್ಲ. ಬಿಸಿಲಿಗೆ ದ್ರವವು ಕೆಡುತ್ತಿದ್ದುದರಿಂದ ಜೀವಂತವಾದ ತೋಳೇ ಅದರ ಪಾತ್ರೆಯಾಗಬೇಕಾಗಿದ್ದಿತು.

ಮೈಸೂರು ಸೀಮೆಯಲ್ಲಿ ಈ ಕಾರ್ಯವು ಬಹು ಬೇಗ ಮೊದಲಾಯಿತು. ಇದರಲ್ಲಿ ಇಬ್ಬಗೆಯ ಜನರ ಹೆಸರುಗಳು ಸ್ಮರಣೀಯವಾಗಿವೆ. ಮೊದಲನೆಯವನು ಆಬೆ ದುಬೊಯಿ ಎಂಬ ಫ್ರೆಂಚ್ ಪಾದ್ರಿ. ಇವನು ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಈ ದೇಶದ ಉಡುಪನ್ನು ಧರಿಸಿ, ಇಲ್ಲಿಯ ಊಟೋಪಚಾರಗಳನ್ನೇ ಅನುಸರಿಸಿ ಬಾಳಿದನು. ಜನರು ಅವನನ್ನು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ೧೮೦೩ ಮತ್ತು ೧೮೦೪ನೆಯ ಇಸವಿಗಳಲ್ಲಿ ಅವನ ಮೇಲ್ವಿಚಾರಣೆಯಲ್ಲಿದ್ದ ಮೈಲಿ ಹಾಕುವವರು ೨೫,೦೦೦ಕ್ಕೂ ಮೇಲ್ಪಟ್ಟ ಜನರಿಗೆ ಮೈಲಿ ಹಾಕಿದರು. ಅವನ ಗ್ರಂಥದಲ್ಲಿ ಹಿಂದೂ ಜನರ ವಿಷಯವಾಗಿ ಒರಟಾದ ಮಾತುಗಳು ಬೇಕಾದಷ್ಟಿವೆ. ಆದರೂ ಜನರ ನಡುವೆ ಜನರಂತೆ ಇದ್ದವನ ಮಾತಿಗೆ, ಕುದುರೆಯ ಮೇಲೆ ಬಂದು ಹೋಗುವ ಅಧಿಕಾರಿಯ ಮಾತಿಗಿಲ್ಲದ ಬೆಲೆಯಿದ್ದಿತೆಂಬುದನ್ನು ಈ ಸಂಖ್ಯೆಯೇ ಹೇಳುವುದು.

ಎರಡನೆಯದು ಅರಮನೆಯ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಹತ್ತು ಹನ್ನೆರಡು ವರ್ಷದ ಬಾಲಕರು. ಅವರ ಅಜ್ಜಿಯವರಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮನೆತನದ ಹಿರಿಯರು. ತಾಮಸ್ ಹಿಕ್ಕಿ ಎಂಬ ಚಿತ್ರಕಾರನು ೧೮೦೫ರ ಸುಮಾರಿನಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರಪಟವೊಂದಿದೆ. ಅದರಲ್ಲಿ ಬಲಗಡೆಯ ಚಿಕ್ಕ ವಯಸ್ಸಿನ ಸ್ತ್ರೀಯು ಸೀರೆಯ ಅಂಚನ್ನು ತುಸು ಸರಿಸಿ ತೋಳನ್ನು ತೋರಿಸುತ್ತಿರುವಳು. ಎಡಗಡೆಯವಳ ಮೂಗುಬಾಯಿಗಳ ಸುತ್ತ ಬಣ್ಣಗುಂದಿದ ಗುರುತು ಕಾಣುವುದು. ಇದು ಮೈಸೂರಿನ ರಾಣಿಯರ ಚಿತ್ರವೆಂದೂ, ಬಲಗಡೆಯವರು ಹೊಸ ರೀತಿಯ ಮೈಲಿ ಹಾಕಿಸಿಕೊಂಡ ದೇವಾಜಮ್ಮಣ್ಣಿಯವರೆಂದೂ, ಎಡಗಡೆಯವರದು ಹಳೆಯ ಪದ್ಧತಿಯ ಗುರುತೆಂದೂ, ನಡುವಿನವರು ಲಕ್ಷ್ಮಮ್ಮಣ್ಣಿಯವರಿರಬಹುದೆಂದೂ ಚರಿತ್ರಕಾರನಾದ ನೈಜೆಲ್ ಚಾನ್ಸೆಲರನು ಅಭಿಪ್ರಾಯಪಟ್ಟಿದ್ದಾನೆ. ಆ ರಾಣಿಯವರಿಗೆ ಮೈಲಿ ಹಾಕಿದುದು ಪ್ರಜೆಗಳ ಮೇಲೆ ಒಳ್ಳೆಯ ಪರಿಣಾಮವನ್ನುಂಟುಮಾಡಿ, ಅನೇಕರು ತಾವಾಗಿ ಮುಂದೆ ಬಂದರೆಂದು ೧೮೦೬ನೆಯ ಜುಲೈ ತಿಂಗಳ ದಾಖಲೆಯಿಂದ ತಿಳಿದುಬರುವುದು. ಚಿತ್ರವನ್ನು ಗುರುತಿಸುವ ಬಗೆಯಲ್ಲಿ ಭಿನ್ನಾಭಿಪ್ರಾಯವಿರಲಿ. ಅಂತಃಪುರದ ರಾಜಸ್ತ್ರೀಯರು ತಾವೇ ತೋಳನ್ನು ಕೊಟ್ಟದ್ದು ಸಾವಿರ ಘೋಷಣೆಗಳಿಗೆ ಸಮನಾಯಿತೆಂಬುದರಲ್ಲಿ ಸಂದೇಹವಿಲ್ಲ. ತಾವು ಮಾಡದ ಕೆಲಸವನ್ನು ಅವರು ಪ್ರಜೆಗಳಿಗೆ ವಿಧಿಸಲಿಲ್ಲ.

ಇಷ್ಟಾದರೂ ಎಲ್ಲೆಡೆಯೂ ಕಾರ್ಯವು ಸುಗಮವಾಗಿ ನಡೆಯಲಿಲ್ಲ. ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದ್ರವವನ್ನು ತೆಗೆಯಬೇಕಾಗಿದ್ದುದೇ ದೊಡ್ಡ ತೊಡಕು. ಮೈಲಿ ಹಾಕಿದ ಎಂಟನೆಯ ದಿವಸ ಮಗುವಿನ ಗುಳ್ಳೆಯನ್ನು ಒಡೆದು ರಸವನ್ನು ತೆಗೆಯಬೇಕು. ಅದಕ್ಕಾಗಿ ಬಡವರ ಮಕ್ಕಳನ್ನು ಊರಿಂದೂರಿಗೆ ಕರೆದೊಯ್ಯುವರು. ಜ್ವರದಿಂದ ನರಳುವ ಕೂಸನ್ನು ಯಾವ ತಾಯಿ ತಾನೆ ಸಂತೋಷದಿಂದ ಕಳುಹಿಸಿಯಾಳು? ಒಬ್ಬರ ಮೈಯ ದ್ರವವು ಮತ್ತೊಬ್ಬರ ಮೈಯನ್ನು ಸೇರುವುದೆಂಬುದು ಜಾತಿನಿಯಮಗಳನ್ನು ಪಾಲಿಸುವವರಿಗೆ ಅಸಹ್ಯವಾಗಿ ತೋರಿತು. ಇದಲ್ಲದೆ ಒಬ್ಬರ ತೋಳಿನಿಂದ ಇತರ ರೋಗಗಳೂ ಮತ್ತೊಬ್ಬರಿಗೆ ದಾಟುತ್ತಿದ್ದವು. ಈ ಭಯವು ಜಾತಿಯ ಭಯವಲ್ಲ, ನಿಜವಾದ ಭಯ. ಅಧಿಕಾರಿಗಳಾದರೋ ಇವೆಲ್ಲವನ್ನೂ 'ಅಜ್ಞಾನ' ಎಂಬ ಒಂದೇ ಶಬ್ದದಿಂದ ಕರೆದರು. ಬೇರೆ ಬೇರೆ ಕಾರಣಗಳಿಗೆ ಒಂದೇ ಹೆಸರಿಟ್ಟ ಮೇಲೆ ಪರಿಹಾರವು ಹೊಳೆಯುವುದು ಹೇಗೆ?

ಈ ಸಂದರ್ಭದಲ್ಲಿ ಮದರಾಸಿನಲ್ಲಿ ನಡೆದ ಒಂದು ಸಂಗತಿಯು ಸಂಸ್ಕೃತಾಭಿಮಾನಿಗಳೆಲ್ಲರೂ ತಿಳಿಯತಕ್ಕದ್ದಾಗಿದೆ. ಅಲ್ಲಿಯ ಅಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಎಲ್ಲಿಸನು ಸಂಸ್ಕೃತ ದ್ರಾವಿಡ ಭಾಷೆಗಳಲ್ಲಿ ಒಳ್ಳೆಯ ಪಂಡಿತನು. ತೆಲುಗು, ಕನ್ನಡ, ತಮಿಳು ಮೊದಲಾದುವು ಒಂದೇ ಕುಲದ ಭಾಷೆಗಳೆಂದು ಕಾಲ್ಡ್‌ವೆಲ್ಲನಿಗಿಂತ ಬಹು ಮುಂಚೆ ೧೮೧೬ರಲ್ಲಿಯೇ ಪ್ರತಿಪಾದಿಸಿದವನು. ಇವನು ಜನರಿಗೆ ಮೈಲಿ ಹಾಕಿಸಿಕೊಳ್ಳುವುದರಲ್ಲಿ ನಂಬಿಕೆ ಹುಟ್ಟಿಸಲೆಂದು, ಗೋಸಿಡುಬಿನ ಮಹಿಮೆಯನ್ನು ಧನ್ವಂತರಿಗೂ ಶಕ್ತಿದೇವಿಗೂ ನಡೆದ ಸಂವಾದರೂಪದಲ್ಲಿ ರಚಿಸಿದನು. ಅಷ್ಟಕ್ಕೇ ನಿಲ್ಲಲಿಲ್ಲ. ಸಂಸ್ಕೃತದಲ್ಲಿ ಒಂದು ಪದ್ಯಕೃತಿಯನ್ನು ತಾನೇ ರಚಿಸಿ, ಹಳೆಯ ಕಾಗದದಲ್ಲಿ ಬರೆಸಿ, ಪುರಾತನ ಗ್ರಂಥವು ದೊರಕಿತೆಂದು ಹಬ್ಬಿಸಲಾಯಿತೆಂದು ಜೆನ್ನರನ ಜೀವನಚರಿತ್ರೆಯನ್ನು ಬರೆದ ಬ್ಯಾರನ್ ಎಂಬುವನು ತಿಳಿಸಿರುವನು. ೧೮೧೯ರಲ್ಲಿ 'ಮದರಾಸ್ ಕೊರಿಯರ್' ಪತ್ರಿಕೆಯಲ್ಲಿಯೂ, ಗೋಸಿಡುಬಿನ ಪ್ರಯೋಗವು ಹಿಂದೂ ಶಾಸ್ತ್ರದಲ್ಲಿ ಮೊದಲೇ ಇದ್ದಿತೆಂದು ಸುಳ್ಳು ಹೆಸರಿನ ಒಂದು ಪತ್ರವು ಪ್ರಕಟವಾಯಿತು.

ಉದ್ದೇಶವು ಒಳ್ಳೆಯದು, ಗೋವು ಪೂಜ್ಯವೆಂದು ನಂಬಿದ ಜನರಿಗೆ ಗೋವಿನ ಹೆಸರಿನಲ್ಲಿಯೇ ಹಿತವನ್ನು ಹೇಳಬೇಕೆಂಬ ಯೋಚನೆಯೂ ಜಾಣತನದ್ದೇ. ಆದರೆ ಇದು ದೇಶಾಚಾರವನ್ನು ಅನುಸರಿಸಿದುದಲ್ಲ. ದೇಶಾಚಾರದ ವೇಷವನ್ನು ಹಾಕಿದುದು. ಎರಡಕ್ಕೂ ಅಂತರವಿದೆ. ಮೊದಲನೆಯದಾಗಿ, ಅದು ಜನರ ನಿಜವಾದ ಆಕ್ಷೇಪಣೆಗೆ ಉತ್ತರವಾಗಿರಲಿಲ್ಲ. ಎಂಟನೆಯ ದಿವಸ ಮಗುವನ್ನು ಕೇಳಲು ಬಂದವನಿಗೆ ಬಾಗಿಲು ಮುಚ್ಚಿದ ತಾಯಿಯ ಸಂಕಟವು ಶ್ಲೋಕದಿಂದ ಕಳೆಯುವಂಥದಲ್ಲ. ಎರಡನೆಯದಾಗಿ, ಹುಸಿಗ್ರಂಥವು ತನ್ನ ಕಾರ್ಯ ಮುಗಿದ ಮೇಲೆಯೂ ಸಾಯಲಿಲ್ಲ. ಧೇನುವಿನ ಮಸೂರಿಕೆಯನ್ನು ಹೇಳುವ, ಧನ್ವಂತರಿಯ ಹೆಸರಿನ ವಾಕ್ಯಗಳು ರಾಧಾಕಾಂತ ದೇವನ ಶಬ್ದಕಲ್ಪದ್ರುಮವೆಂಬ ಮಹಾಕೋಶವನ್ನೂ ಸೇರಿದವು. ೧೯೦೫ರಲ್ಲಿ ಮದರಾಸಿನ ಗವರ್ನರನಾದ ಲಾರ್ಡ್ ಆಂಪ್ಟ್‌ಹಿಲ್ಲನು ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಪ್ರಾರಂಭೋತ್ಸವದಲ್ಲಿ, ಪ್ರಾಚೀನ ಹಿಂದೂಗಳಿಗೆ ಈ ವಿದ್ಯೆಯು ತಿಳಿದಿದ್ದಿತೆಂದು ಗಂಭೀರವಾಗಿ ಉಪನ್ಯಾಸ ಮಾಡಿದನು. ಪರರನ್ನು ನಂಬಿಸಲೆಂದು ಹುಟ್ಟಿದ ಸುಳ್ಳನ್ನು ಆಳುವವರ ಮುಂದಿನ ತಲೆಮಾರೇ ನಂಬಿತು. ೧೯೮೭ರಲ್ಲಿ ಡಾಮಿನಿಕ್ ವುಜಾಸ್ಟಿಕ್ ಎಂಬ ಸಂಸ್ಕೃತ ವಿದ್ವಾಂಸನು ಮೂಲಗಳನ್ನೆಲ್ಲ ಶೋಧಿಸಿ ಈ ಪ್ರವಾದಕ್ಕೆ ಪ್ರಾಚೀನ ಗ್ರಂಥಗಳ ಆಧಾರವಿಲ್ಲವೆಂದು ನಿರ್ಣಯಿಸಿದ್ದರೂ, ಅದು ಇಂದಿಗೂ ಅಲ್ಲಲ್ಲಿ ಕೇಳಿಬರುವುದು. ಟೀಕಾದಾರರ ನಿಜವಾದ ವಿದ್ಯೆಯು ನಮ್ಮ ದೇಶಕ್ಕೆ ಸಾಕಷ್ಟು ಗೌರವವನ್ನು ತಂದಿರುವಾಗ, ಪರದೇಶೀಯನು ಕಟ್ಟಿದ ಹುಸಿಶ್ಲೋಕವನ್ನು ಶಾಸ್ತ್ರವೆಂದು ತಲೆಯ ಮೇಲೆ ಹೊರುವುದು ಶಾಸ್ತ್ರಕ್ಕೇ ಅಪಚಾರವಲ್ಲವೆ?

ತೊಡಕನ್ನು ಬಿಡಿಸಿದುದು ಬೇರೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುವಿನ ಮೈಮೇಲೆ ಗುಳ್ಳೆಗಳನ್ನು ಎಬ್ಬಿಸಿ, ಅದರ ದ್ರವವನ್ನು ಗ್ಲಿಸರಿನ್ ಮುಂತಾದುವುಗಳೊಡನೆ ಸೇರಿಸಿ ಕಾಪಾಡುವ ಕ್ರಮವು ರೂಢಿಗೆ ಬಂದಿತು. ಇದರಿಂದ ತೋಳಿನಿಂದ ತೋಳಿಗೆ ತೆಗೆಯುವ ಪದ್ಧತಿಯು ನಿಂತು, ಮಕ್ಕಳನ್ನು ಊರೂರಿಗೆ ಒಯ್ಯುವ ಕಷ್ಟವೂ ಕಳೆಯಿತು. ಜಾತಿಯ ಸಂಶಯಕ್ಕೆ ಎಡೆಯಿಲ್ಲವಾಯಿತು. ಕರುವಿನ ಮೈಯನ್ನು ಗೀರುವುದು ಹಿಂಸೆಯೆಂದು ಕೆಲವರು ಆಕ್ಷೇಪಿಸಿದರೆಂಬುದೂ ನಿಜವೇ. ಗೋವಿನ ಹೆಸರು ಹೇಳಿದೊಡನೆ ಹಿಂದೂಗಳೆಲ್ಲ ಒಪ್ಪುವರೆಂಬ ಎಲ್ಲಿಸನ ಎಣಿಕೆಯು ಎಷ್ಟು ಮೇಲುಮೇಲಿನದೆಂಬುದಕ್ಕೆ ಇದೇ ಸಾಕ್ಷಿ. ಆದರೂ ಒಟ್ಟಿನಲ್ಲಿ ವಿರೋಧವು ತಗ್ಗಿತು. ಜನರ ಮನಸ್ಸನ್ನು ತಿದ್ದುವುದಕ್ಕೆ ಬದಲಾಗಿ ತಮ್ಮ ಪದ್ಧತಿಯನ್ನು ತಿದ್ದಿಕೊಂಡಾಗ ಫಲವು ದೊರಕಿತು.

ಈ ಪಾಠವು ಅಷ್ಟರಲ್ಲೇ ಮರೆತುಹೋದಂತೆ, ೧೮೯೬ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಬಲಾತ್ಕಾರವೇ ಮೇಲುಗೈಯಾಯಿತು. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು. ಪುಣೆಯಲ್ಲಿ ಸೋಲ್ಜರುಗಳು ಮನೆಗಳನ್ನು ಹೊಕ್ಕು ಶೋಧಿಸಿದರು. ಅಡಿಗೆಯ ಮನೆ, ದೇವರ ಮನೆಗಳೂ ಉಳಿಯಲಿಲ್ಲ. ಜನರ ಕ್ರೋಧವು ಕಟ್ಟೊಡೆದು, ಆ ವರುಷದ ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿಯಾದ ರ್‍ಯಾಂಡನನ್ನು ಗುಂಡಿಟ್ಟರು. ಮೈಸೂರು ಸಂಸ್ಥಾನಕ್ಕೆ ಆ ಮಾರಿಯು ೧೮೯೮ರ ಆಗಸ್ಟಿನಲ್ಲಿ ರೈಲುದಾರಿಯಿಂದ ಬೆಂಗಳೂರಿಗೆ ಕಾಲಿಟ್ಟಿತು. ಸರ್ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಆ ಕಾಲದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನಿಯಮಿತರಾದರು. ಇಲ್ಲಿಯೂ ಮೊದಮೊದಲು ಕಠಿನ ಕ್ರಮಗಳಿಂದ ಜನರು ಕೆರಳಿ, ಗಂಜಾಮಿನಲ್ಲಿ ಗಲಭೆಯೇ ನಡೆಯಿತು.

ಇದರಲ್ಲಿ ಒಂದು ವಿಪರೀತವನ್ನು ಗಮನಿಸಬೇಕು. ಆಗಿನ ವೈದ್ಯರಿಗೆ ಪ್ಲೇಗ್ ಹರಡುವ ಬಗೆಯೇ ಸರಿಯಾಗಿ ತಿಳಿದಿರಲಿಲ್ಲ. ಇಲಿಯ ಚಿಗಟದಿಂದ ಅದು ಹರಡುವುದೆಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿ ಹೇಳಿದಾಗ ಬಹುಮಂದಿ ನಂಬಲಿಲ್ಲ. ೧೯೦೫ರಿಂದೀಚೆಗೆ ನಡೆದ ಪರೀಕ್ಷೆಗಳಿಂದಲೇ ಅದು ಸ್ಥಿರಪಟ್ಟಿತು. ಹೀಗಾಗಿ ಮೊದಲಿನ ವರುಷಗಳಲ್ಲಿ ಸುಣ್ಣ, ಕಾರ್ಬಾಲಿಕ್ ದ್ರವ ಇವುಗಳ ಸಿಂಪಡಿಕೆಯೇ ದೊಡ್ಡ ಕಾರ್ಯವೆಂದು ನಡೆಯಿತು. ಆದರೆ ಗಢವಾಲ, ಕುಮಾವೂಂ ಬೆಟ್ಟಗಳ ಹಳ್ಳಿಗರು ಅದಕ್ಕಿಂತ ಎಷ್ಟೋ ಹಿಂದಿನಿಂದಲೂ, ಇಲಿ ಬಿದ್ದೊಡನೆ ಊರನ್ನು ಬಿಟ್ಟು ಬಯಲಿಗೆ ಹೋಗುತ್ತಿದ್ದರು. ನಮ್ಮ ಸೀಮೆಯ ಹಳ್ಳಿಗರೂ ಇಲಿ ಸತ್ತಿತೆಂದರೆ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವುದನ್ನು ಕಲಿತರು. ಚಿಗಟದ ಹೆಸರನ್ನು ಅರಿಯದ ಒಕ್ಕಲಿಗನು ಚಿಗಟದಿಂದ ದೂರ ಸರಿಯುವ ಉಪಾಯವನ್ನು ಅರಿತಿದ್ದನು. ಸರ್ಕಾರವು ಕ್ರಮೇಣ ಬಲಾತ್ಕಾರವನ್ನು ಸಡಿಲಿಸಿ, ಜನರು ತಾವಾಗಿ ಊರು ಬಿಡುವುದಕ್ಕೆ ನೆರವಾದಾಗಲೇ ಕೆಲಸ ಸಾಗಿತು. ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳ ಜನರು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡು ನೆಲಸಿದುದು ಈ ಪ್ಲೇಗಿನ ಫಲವೇ. ಕಟ್ಟಳೆಯಿಂದ ಓಡಿಸಿದ್ದರೆ ಶಿಬಿರವಾಗುತ್ತಿದ್ದುದು, ಒಪ್ಪಿ ಹೋದುದರಿಂದ ಊರಾಯಿತು.

ಮೈಲಿಬೇನೆಯ ಕೊನೆಯ ಅಧ್ಯಾಯವೂ ಇದೇ ಮಾತನ್ನು ಹೇಳುವುದು. ಸ್ವಾತಂತ್ರ್ಯಾನಂತರ ೧೯೬೨ರಲ್ಲಿ ಭಾರತ ಸರ್ಕಾರವು ಸಿಡುಬಿನ ನಿರ್ಮೂಲನಕ್ಕೆ ಕೈಹಾಕಿ, ಎಲ್ಲರಿಗೂ ಮೈಲಿ ಹಾಕಿಬಿಡುವ ಸಂಕಲ್ಪ ಮಾಡಿತು. ಲೆಕ್ಕದ ಪುಸ್ತಕಗಳಲ್ಲಿ ಕೋಟಿಗಟ್ಟಲೆ ಸಂಖ್ಯೆಗಳು ಬೆಳೆದವು. ಬೇನೆ ಮಾತ್ರ ಹೋಗಲಿಲ್ಲ. ಸುಲಭವಾಗಿ ಸಿಕ್ಕುವ ಶಾಲಾಬಾಲಕರಿಗೆ ಮತ್ತೆ ಮತ್ತೆ ಹಾಕಲಾಗುತ್ತಿದ್ದಿತು. ಕೂಲಿಗಾಗಿ ಅಲೆಯುವವರೂ, ಊರಾಚೆಯ ಗುಡಿಸಲುಗಳವರೂ, ಹಸುಗೂಸುಗಳೂ ತಪ್ಪಿಹೋಗುತ್ತಿದ್ದರು. ಚರ್ಮವನ್ನು ತಿರುಪಿ ಗಾಯಮಾಡುವ ಚಕ್ರದಂತಹ ಮುಳ್ಳಿನ ಉಪಕರಣವೂ ಜನರು ಓಡುವುದಕ್ಕೆ ಒಂದು ಕಾರಣವಾಗಿದ್ದಿತು. ಆಮೇಲೆ ಎರಡು ಮೊನೆಯ ಸಣ್ಣ ಸೂಜಿಯು ಬಂದು ನೋವು ಕಡಿಮೆಯಾಯಿತು. ಒಣಗಿಸಿದ ಲಸಿಕೆಯು ಬಂದು ಬಿಸಿಲಿನ ಭಯವೂ ಕಳೆಯಿತು. ೧೯೭೩ರ ಶರತ್ಕಾಲದಿಂದ ಕ್ರಮವನ್ನೇ ಬದಲಾಯಿಸಿದರು. ಬೇನೆಯಿರುವ ಮನೆಯನ್ನು ಹುಡುಕಿ, ಅದರ ಸುತ್ತಲಿನವರಿಗೆಲ್ಲ ಮೊದಲು ಮೈಲಿ ಹಾಕುವುದೆಂದು ನಿಶ್ಚಯಿಸಿದರು.

ಹುಡುಕುವುದು ಹೇಗೆ? ವೈದ್ಯರ ಭಾಷೆಯಲ್ಲಿ ಕೇಳಿದರೆ ಹಳ್ಳಿಯ ಹೆಂಗಸು ಏನು ಹೇಳಿಯಾಳು? ಬೇನೆಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಬಂಗಾಳದಲ್ಲಿ ಬಸಂತ, ಹಿಂದೀ ಸೀಮೆಯಲ್ಲಿ ಚೇಚಕ್, ಮಾತಾ. ಆದುದರಿಂದ ಸಿಡುಬು ಎದ್ದ ಮಗುವಿನ ಚಿತ್ರವಿರುವ ಒಂದು ಸಣ್ಣ ಹಲಗೆಯನ್ನು ಕೆಲಸಗಾರರ ಕೈಗೆ ಕೊಟ್ಟರು. 'ಇಂಥದನ್ನು ಎಲ್ಲಿಯಾದರೂ ಕಂಡಿರಾ?' ಎಂದರೆ ಸಾಕು. ಶಾಲೆಯ ಮಕ್ಕಳನ್ನೂ, ಸಂತೆಗೆ ಬಂದವರನ್ನೂ ಕೇಳಿದರು. ಸುದ್ದಿ ತಂದವರಿಗೆ ಬಹುಮಾನವನ್ನು ಸಾರಿದರು. ಅದು ಕೊನೆಗೆ ೧,೦೦೦ ರೂಪಾಯಿಗಳವರೆಗೆ ಏರಿತು. ಹುಡುಕಿದಷ್ಟೂ ಬೇನೆಯು ಹೊರಬಿದ್ದು, ೧೯೭೪ನೆಯ ಒಂದೇ ವರುಷದಲ್ಲಿ ೧,೮೮,೦೦೩ ಮಂದಿಗೆ ಸಿಡುಬು ತಗಲಿದುದೂ, ಅವರಲ್ಲಿ ೩೧,೨೬೨ ಮಂದಿ ಸತ್ತುದೂ ಲೆಕ್ಕಕ್ಕೆ ಬಂದಿತು. ಮರುವರುಷ, ೧೯೭೫ರ ಮೇ ತಿಂಗಳಲ್ಲಿ, ದೇಶದ ಕೊನೆಯ ಸಿಡುಬು ಕಂಡು ಕಣ್ಮರೆಯಾಯಿತು. ೧೯೭೭ರ ಏಪ್ರಿಲಿನಲ್ಲಿ ಭಾರತವು ಸಿಡುಬಿನಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮಂಡಲಿಯು ನಿರ್ಣಯಿಸಿತು. ೧೯೮೦ರ ಮೇ ೮ರಂದು ಭೂಮಂಡಲವೇ ಮುಕ್ತವಾಯಿತೆಂದು ಸಾರಲ್ಪಟ್ಟಿತು.

ಈ ಜಯದಲ್ಲಿಯೂ ಕಳಂಕವಿಲ್ಲದಿಲ್ಲ. ಕೊನೆಯ ಒಂದೆರಡು ವರುಷಗಳ ಆತುರದಲ್ಲಿ ಕೆಲವೆಡೆ ರಾತ್ರಿಯ ಹೊತ್ತು ಮನೆಗಳನ್ನು ಹೊಕ್ಕು ಬಲವಂತವಾಗಿ ಮೈಲಿ ಹಾಕಿದರೆಂದು ಆ ಕಾರ್ಯದಲ್ಲಿದ್ದವರೇ ಅನಂತರ ಬರೆದಿರುವರು. ಬೇನೆ ಹೋಯಿತು, ನಿಜ. ಆದರೆ ಬಲವಂತಕ್ಕೆ ತೆತ್ತ ಬೆಲೆಯನ್ನು ಮುಂದೆ ಬರುವವರು ತೆರಬೇಕಾಗುವುದು. ಒಮ್ಮೆ ಬಾಗಿಲು ಮುರಿದು ಬಂದವನಿಗೆ ಮತ್ತೊಮ್ಮೆ ಬಾಗಿಲು ತೆರೆಯುವವರಾರು?

ಎರಡು ಶತಮಾನಗಳ ಈ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡಿದರೆ ಮೂರು ಮಾರ್ಗಗಳು ಕಾಣಬರುವುವು. ಜನರ ನಂಬಿಕೆಯನ್ನು ತುಳಿದು ನಡೆಯುವುದು ಒಂದು. ಪುಣೆಯಲ್ಲಿ ಅದು ರಕ್ತಪಾತದಲ್ಲಿ ಮುಗಿಯಿತು. ನಂಬಿಕೆಯ ಮುಖವಾಡವನ್ನು ಧರಿಸಿ ಮೋಸದಿಂದ ಒಪ್ಪಿಸುವುದು ಎರಡನೆಯದು. ಮದರಾಸಿನಲ್ಲಿ ಅದು ಶಾಸ್ತ್ರದ ಮೇಲೆ ಅಳಿಯದ ಮಸಿಯನ್ನು ಚೆಲ್ಲಿತು. ಜನರ ನಡುವೆ ನಿಂತು, ಅವರು ಹಿಂಜರಿಯುವುದೇಕೆಂದು ಒಂದೊಂದಾಗಿ ಕೇಳಿ, ತಿದ್ದಬಹುದಾದುದನ್ನು ತಾನೇ ತಿದ್ದಿಕೊಂಡು, ಮೊದಲು ತನ್ನ ತೋಳನ್ನು ಕೊಡುವುದು ಮೂರನೆಯದು. ಇದು ನಿಧಾನವಾದ ಮಾರ್ಗ. ಆದರೆ ಮೈಸೂರಿನ ಅರಮನೆಯಲ್ಲಿ ನಡೆದುದೂ, ಸಂತೆಗಳಲ್ಲಿ ಚಿತ್ರದ ಹಲಗೆಯನ್ನು ಹಿಡಿದು ಕೇಳಿದುದೂ ಈ ಮಾರ್ಗವೇ. ಮುಂದೆ ಬೇರೆ ಹೆಸರಿನ ಬೇನೆಗಳು ಬರುವುವು, ಬೇರೆ ಮದ್ದುಗಳೂ ಹುಟ್ಟುವುವು. ಆಗ ಮದ್ದನ್ನು ತರುವವರು ಅದರ ಗುಣವನ್ನು ಎಷ್ಟು ಚೆನ್ನಾಗಿ ಪರೀಕ್ಷಿಸಿರುವರೋ, ಅದನ್ನು ಕೊಡಬೇಕಾದ ಊರನ್ನೂ ಅಷ್ಟೇ ಚೆನ್ನಾಗಿ ಅರಿತು ಬರುವುದು ಉಚಿತವಾಗಿದೆ.